ನಿನಗೆಂದು ಕಟ್ಟಿಟ್ಟ ಕಗ್ಗದ ಅಕ್ಕಿ

ಪ್ರೀತಿಯ ಗೆಳೆಯಾ,

ಎರಡು ಸೇರು ಕಗ್ಗದ ಅಕ್ಕಿಯನ್ನು ನಿನಗೆಂದು ಬೇರೆ ಕಟ್ಟಿಟ್ಟಿದ್ದೇನೆ. ಎಲ್ಲಿಯ ಅಕ್ಕಿ, ಹೇಗೆ ಬೆಳೆದದ್ದು ಎಂದು ಹೇಳದೆ ಕೊಟ್ಟರೆ ನೀನು ಮಾಮೂಲು ಕೆಂಪಕ್ಕಿಯೆಂದು ಕುಕ್ಕರಿಗೆ ಹಾಕಿ ನಾಲ್ಕು ಕೂಗು ಕೂಗಿಸಿಬಿಡುತ್ತೀಯೆ. ಅದಕ್ಕೇ ಈ ಪತ್ರ.

ನಿನ್ನ ರಜೆ ರದ್ದಾಯಿತೆಂದು ತಿಳಿದಾಗ ಹೊರಡುವ ಉತ್ಸಾಹವೇ ಅರ್ಧ ಇಳಿದಿತ್ತು. ಆದರೂ ಮೂವರು ಪಂಚಗಂಗಾ ರೈಲು ಹತ್ತಿದೆವು. ಬೆಳಿಗ್ಗೆ ಗೋಕರ್ಣ ರೋಡಿನಲ್ಲಿ ಇಳಿದು, ದೇವರಿಗೆ ಕೈಮುಗಿದು, ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ತೀರಗಳನ್ನು ಒಂದೊಂದಾಗಿ ದಾಟಿದೆವು. ನೀನು ಇವನ್ನೆಲ್ಲ ನೋಡಿದವನು, ಬಣ್ಣಿಸುವುದಿಲ್ಲ. ಹಾಫ್ ಮೂನ್ ದಾಟಿದ ಮೇಲಿನ ಬಂಡೆದಾರಿಯಲ್ಲಿ ಮಾತ್ರ ಇನ್ನೊಮ್ಮೆ ಬಂದರೆ ಎಚ್ಚರವಿರಲಿ. ಅಲೆ ತಾಗುವ ಕಲ್ಲುಗಳು ಪಾಚಿ ಹಿಡಿದಿರುತ್ತವೆ, ಫೋಟೋಗೆಂದು ಅಂಚಿಗೆ ಹೋಗಬೇಡ.

ನಾನು ಹೇಳಬೇಕಾದದ್ದು ಶುರುವಾಗುವುದು ಬೇಲೆಕಾನ ದಾಟಿ ತದಡಿಗೆ ಬಂದ ಮೇಲೆ. ಹಿಂದಿನ ಸಲ ನಾವು ಅಲ್ಲಿಯವರೆಗೆ ಬರದೆ ಓಂ ತೀರದಿಂದಲೇ ಹಿಂದಿರುಗಿದ್ದು ಎಂಥ ತಪ್ಪು! ತದಡಿಯ ಮೀನುಬಂದರಿನ ಪಕ್ಕದಲ್ಲೇ ತಾರಿಯ ಕಟ್ಟೆ. ದೋಣಿಯಲ್ಲಿ ನಮ್ಮ ಜೊತೆ ಎರಡು ಬೈಕು, ಮೀನು ಮಾರಿ ಹಿಂದಿರುಗುತ್ತಿದ್ದ ನಾಲ್ಕೈದು ಹೆಂಗಸರು, ಅವರ ಖಾಲಿ ಬುಟ್ಟಿಗಳು. ಎಡಕ್ಕೆ ನೋಡಿದರೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಹಸಿರಿನ ನಡುವೆ ಹರಡಿಕೊಂಡ ನದಿ, ಬಲಕ್ಕೆ ನೋಡಿದರೆ ತೆರೆದ ಕಡಲು. ದಾಟುವುದಕ್ಕೆ ಹಿಡಿದದ್ದು ಕೆಲವೇ ನಿಮಿಷ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಒಂದು ದೊಡ್ಡ ಅಣೆಕಟ್ಟೂ ಇಲ್ಲದೆ ಇಲ್ಲಿಯವರೆಗೆ ಹರಿದು ಬರುವ ಅಘನಾಶಿನಿ ಅದು. ದಡದ ಊರಿಗೂ ಅದೇ ಹೆಸರು.

ಕಾಗಾಲದ ಕಡೆಯ ಒಂದು ತೆಂಗಿನ ತೋಟದಲ್ಲಿ, ಮನೆಯವರ ಒಪ್ಪಿಗೆ ಪಡೆದು ಎರಡು ರಾತ್ರಿ ಡೇರೆ ಹಾಕಿದೆವು. ಮೊದಲ ಸಂಜೆ ಗಾಳಿಗೆ ಡೇರೆಯ ಗೂಟಗಳು ಮರಳಿನಿಂದ ಸರಸರನೆ ಕಿತ್ತು ಬಂದವು. ಮನೆಯ ಅಜ್ಜ ನೋಡುತ್ತಿದ್ದವರು ಎದ್ದು ಬಂದು, ಒಣಗಿದ ತೆಂಗಿನ ಮಡಲಿನ ಬುಡವನ್ನು ಮೊಳದುದ್ದ ಕಡಿದರು. ಅದರ ನಡುವಿಗೆ ಹಗ್ಗ ಬಿಗಿದು, ಮರಳಲ್ಲಿ ಮೊಣಕೈ ಆಳದ ಗುಂಡಿ ತೋಡಿ, ತುಂಡನ್ನು ಅಡ್ಡ ಮಲಗಿಸಿ ಮುಚ್ಚಿ, ಮೇಲೆ ನಿಂತು ತುಳಿದರು. ನಾನು ಬಲವೆಲ್ಲ ಹಾಕಿ ಎಳೆದೆ, ಅಲುಗಲಿಲ್ಲ. ರಾತ್ರಿಯಿಡೀ ಗಾಳಿ ಬೀಸಿದರೂ ಡೇರೆ ನಿಂತಲ್ಲೇ ನಿಂತಿತ್ತು.

ಮರುದಿನ ಇಳಿತದ ಹೊತ್ತು. ನೀರು ಹಿಂದೆ ಸರಿದಂತೆ ನದಿಯ ನಡುವೆ ಮರಳಿನ ದಿಬ್ಬಗಳು ಎದ್ದವು, ಅಲ್ಲಿಗೆ ದೋಣಿಗಳಲ್ಲಿ ಜನ ಬಂದರು. ಬಳಚು, ಅಂದರೆ ಕೆಸರಿನಲ್ಲಿರುವ ತಿನ್ನುವ ಚಿಪ್ಪು, ಆಯುವ ಕೆಲಸ. ಸೊಂಟದ ಮಟ್ಟದ ನೀರಿನಲ್ಲಿ ನಿಂತ ಒಬ್ಬ ಅಕ್ಕ ಪಾದದಿಂದಲೇ ಕೆಸರನ್ನು ತಡವುತ್ತಾ, ಬೆರಳಿಗೆ ಚಿಪ್ಪು ತಾಗಿದೊಡನೆ ಬಾಗಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದರು. ಕಣ್ಣಿಗೆ ಅಲ್ಲಿ ಕೆಲಸವೇ ಇಲ್ಲ. ಸಣ್ಣವು ಸಿಕ್ಕಿದರೆ ಮತ್ತೆ ನೀರಿಗೆ. ‘ಬೆಳೆಯಲಿ, ಎಲ್ಲಿ ಹೋಗುತ್ತವೆ’ ಎಂದರು. ಸಿಹಿನೀರೂ ಉಪ್ಪುನೀರೂ ದಿನಕ್ಕೆ ಎರಡು ಬಾರಿ ಬೆರೆಯುವ ಈ ಕೆಸರೇ ಅವರ ಗದ್ದೆ. ಮೇಲಿನಿಂದ ಬರುವ ನದಿನೀರು ಕಡಿಮೆಯಾದರೆ ಈ ಬೆರಕೆ ಕೆಡುತ್ತದೆ, ಬಳಚು ಉಳಿಯುವುದಿಲ್ಲ. ನದಿಯನ್ನು ತಿರುಗಿಸುವ ಮಾತು ಆಗಾಗ ಕೇಳುತ್ತೇವಲ್ಲ, ‘ಸಮುದ್ರ ಸೇರಿ ವ್ಯರ್ಥವಾಗುವ ನೀರು’ ಎನ್ನುವವರನ್ನು ಒಂದು ಇಳಿತದ ಹೊತ್ತು ಈ ದಿಬ್ಬದ ಮೇಲೆ ನಿಲ್ಲಿಸಬೇಕು ಎನಿಸಿತು. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಆ ಹೆಸರಾದರೂ ಇದನ್ನು ಕಾಯಲಿ.

ಆ ಮಧ್ಯಾಹ್ನದ ಊಟವನ್ನು ನಿನಗೆ ಬಿಡಿಸಿ ಹೇಳಲೇಬೇಕು. ಬಳಚನ್ನು ಕೆಲವು ತಾಸು ನೀರಿನಲ್ಲಿಟ್ಟು ಮರಳು ಉಗುಳಿಸಿದ್ದರು. ಬಿಸಿ ತಾಗಿದೊಡನೆ ಚಿಪ್ಪು ಬಾಯಿ ಬಿಡುತ್ತದೆ. ಆ ಬಸಿದ ನೀರನ್ನು ಚೆಲ್ಲಲಿಲ್ಲ, ರುಚಿಯೆಲ್ಲ ಅದರಲ್ಲೇ ಇದೆಯಂತೆ. ಹುರಿದ ಕೊತ್ತಂಬರಿ, ಒಣಮೆಣಸು, ತೆಂಗಿನತುರಿ ಅರೆದು ಹಾಕಿ, ಹುಳಿಗೆ ಮುರುಗಲು (ಕೋಕಂ) ಸಿಪ್ಪೆ ಬಿಟ್ಟು ಸುಕ್ಕೆ, ಅಂದರೆ ಒಣ ಪಲ್ಯ, ಮಾಡಿದರು. ಜೊತೆಗೆ ಜುಮ್ಮನಕಾಯಿ ಹಾಕಿದ ಬಂಗಡೆ ಸಾರು. ಆ ಕಾಯಿಯ ಘಮ ಗೊತ್ತಲ್ಲ, ನಾಲಿಗೆ ತುದಿ ಜುಮ್ಮೆನ್ನುತ್ತದೆ, ಮತ್ತೊಂದು ತುತ್ತು ಬೇಡುತ್ತದೆ. ನಮ್ಮಲ್ಲಿ ಮೀನು ತಿನ್ನದ ಒಬ್ಬನಿಗೆ ಒಂದೆಲಗದ ತಂಬುಳಿ ಮತ್ತು ಉಪ್ಪಿನಲ್ಲಿಟ್ಟ ಅಪ್ಪೆಮಿಡಿ. ಅವನು ತಂಬುಳಿಯನ್ನು ಮೂರು ಸಲ ಬಡಿಸಿಕೊಂಡ.

ತಟ್ಟೆಯಲ್ಲಿದ್ದ ಅನ್ನ ಕಗ್ಗದ್ದು. ದಪ್ಪ ಕಾಳು, ಕೆಂಪು, ಅಗಿದಷ್ಟೂ ಸಿಹಿ. ಇದನ್ನು ಬೆಳೆಯುವುದು ನದಿಯ ಅಂಚಿನ ಗಜನಿ ಗದ್ದೆಗಳಲ್ಲಿ. ಮಳೆಗಾಲದಲ್ಲಿ ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಮೊಳಕೆ ಬರಿಸಿದ ಬೀಜ ಚೆಲ್ಲುತ್ತಾರೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ನೆರೆ ಬಂದು ದಿನಗಟ್ಟಲೆ ಮುಳುಗಿದರೂ, ಉಪ್ಪುನೀರು ನುಗ್ಗಿದರೂ ಮತ್ತೆ ತಲೆ ಎತ್ತುವ ಭತ್ತ. ಕೊಯ್ಲಾದ ಮೇಲೆ ತೂಬು ತೆರೆದರೆ ಉಬ್ಬರದ ನೀರಿನೊಂದಿಗೆ ಸೀಗಡಿ, ಮೀನು ಅದೇ ಗದ್ದೆಗೆ ಬರುತ್ತವೆ, ಉಳಿದ ಕೂಳೆಯ ನಡುವೆ ಬೆಳೆಯುತ್ತವೆ. ಒಂದೇ ಗದ್ದೆ ಅನ್ನವನ್ನೂ ಕೊಡುತ್ತದೆ, ಸಾರನ್ನೂ ಕೊಡುತ್ತದೆ! ಆದರೆ ಕಟ್ಟೆ ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪುನೀರು, ಆದ್ದರಿಂದ ಎಲ್ಲರೂ ಸೇರಿ ಕಾಯಬೇಕು. ಈಗ ಹಾಗೆ ಸೇರುವವರು ಕಡಿಮೆಯಾಗಿ, ಎಷ್ಟೋ ಗಜನಿಗಳು ಪಾಳು ಬಿದ್ದಿವೆ ಎಂದು ಅಜ್ಜ ಹೇಳಿದರು. ಮಾಣಿಕಟ್ಟಾ ಕಡೆ ಇನ್ನೂ ಬೆಳೆಯುತ್ತಾರಂತೆ. ಅವರ ಮನೆಯ ಅಕ್ಕಿಯೂ ಅಲ್ಲಿಯದೇ, ಅದರಲ್ಲೇ ನಮಗೆ ಅಳೆದುಕೊಟ್ಟರು.

ಮೂರನೆಯ ದಿನ ಬಾಡ, ಗುಡೇಅಂಗಡಿ, ಕಡ್ಲೆ ದಾಟಿ ವನ್ನಳ್ಳಿಯವರೆಗೆ ನಡೆದೆವು. ಜಂಬಿಟ್ಟಿಗೆ ಗುಡ್ಡ ಹತ್ತಿದರೆ ಒಣಹುಲ್ಲು, ಇಳಿದರೆ ಗಾಳಿಮರಗಳ ಸಾಲು, ಮತ್ತೆ ಮರಳು. ಬಿಸಿಲು ಏರುವ ಮೊದಲೇ ಹೊರಟದ್ದು ಒಳ್ಳೆಯದಾಯಿತು. ಕುಮಟಾದಲ್ಲಿ ತಣ್ಣನೆಯ ಮುರುಗಲು ಪಾನಕ ಕುಡಿದು, ಸಂಜೆ ರೈಲು ಹಿಡಿದೆವು.

ಭಾನುವಾರ ಮನೆಯಲ್ಲಿರು, ಅಕ್ಕಿ ತಂದುಕೊಡುತ್ತೇನೆ. ರಾತ್ರಿಯೇ ನೆನೆಹಾಕು. ಕುಕ್ಕರ್ ಬೇಡ, ಅಗಲ ಪಾತ್ರೆಯಲ್ಲಿ ಧಾರಾಳ ನೀರಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿ ಬಸಿ. ಗಂಜಿತಿಳಿ ಚೆಲ್ಲಬೇಡ, ಎರಡು ಹರಳು ಉಪ್ಪು ಹಾಕಿ ಮೊದಲು ಅದನ್ನು ಕುಡಿ. ಜುಮ್ಮನಕಾಯಿಯೂ ಒಂದು ಹಿಡಿ ಇದೆ, ಬಂಗಡೆ ನೀನು ತಂದಿಡು.

ನಿನ್ನ ಗೆಳೆಯ