ಮಗಳಿಗೊಂದು ಪತ್ರ: ತಾತನ ಕೋಣೆಯಲ್ಲಿ ಸಿಸ್ಟರ್ ಮಾಡಿದ್ದು

ಪ್ರೀತಿಯ ಪುಟ್ಟಿ,

ನಿನ್ನ ನರ್ಸಿಂಗ್ ಓದಿನಲ್ಲಿ ಮುಂದಿನ ವಾರದಿಂದ ಪ್ಯಾಲಿಯೇಟಿವ್ ವಾರ್ಡಿನಲ್ಲಿ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸಿ ನೋಡಿಕೊಳ್ಳೋ ವಾರ್ಡಿನಲ್ಲಿ, ಪೋಸ್ಟಿಂಗ್ ಅಂದೆ. "ಅಲ್ಲಿ ಮಾಡೋಕೆ ಏನಿರುತ್ತಮ್ಮಾ, ಸುಮ್ನೆ ನೋಡ್ತಾ ಕೂರಬೇಕು" ಅಂತಲೂ ಅಂದೆ. ಫೋನಿನಲ್ಲಿ ಉತ್ತರ ಹೇಳೋಕೆ ಆಗಲಿಲ್ಲ, ಬರೆಯುತ್ತಿದ್ದೇನೆ.

ತಾತನಿಗೆ ಬಾಯಿ ಕ್ಯಾನ್ಸರ್ ಆದಾಗ ನೀನು ಚಿಕ್ಕವಳು. ಚಿಕಿತ್ಸೆ ನಾಟದೆ ಮನೆಗೆ ಕರೆದುಕೊಂಡು ಬಂದಿದ್ದೆವು. ಕೆನ್ನೆಯ ಗಾಯ ಹೊರಗೆ ಒಡೆದಿತ್ತು. ವಾಸನೆಗೆ ನೆಂಟರು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದರು. ನೋವಿಗಿಂತ ಅದೇ ಅವರನ್ನು ಜಾಸ್ತಿ ಕೊರೆಯುತ್ತಿತ್ತು.

ಹಾಸ್ಪೀಸ್‌ನಿಂದ, ಅಂದರೆ ಕೊನೆ ಹಂತದ ರೋಗಿಗಳನ್ನು ನೋಡಿಕೊಳ್ಳೋ ಸಂಸ್ಥೆಯಿಂದ, ಮನೆಗೆ ಬರುತ್ತಿದ್ದ ಸಿಸ್ಟರ್ ಮೊದಲ ದಿನವೇ ಮಂಚದ ಪಕ್ಕ ಕುರ್ಚಿ ಎಳೆದು ಕೂತರು. ಒಣಗಿದ ಬ್ಯಾಂಡೇಜನ್ನು ಕೀಳಲಿಲ್ಲ. ಸಲೈನಿನಲ್ಲಿ ನೆನೆಸಿ ನಿಧಾನಕ್ಕೆ ಬಿಡಿಸಿದರು. ಮೆಟ್ರೋನಿಡಜೋಲ್ ಮಾತ್ರೆ ನುಣ್ಣಗೆ ಪುಡಿ ಮಾಡಿ ಗಾಯದ ಮೇಲೆ ಉದುರಿಸಿದರು. ವಾಸನೆ ಹುಟ್ಟಿಸೋದು ಗಾಯದಲ್ಲಿರುವ ಬ್ಯಾಕ್ಟೀರಿಯಾ, ಅದನ್ನು ತಗ್ಗಿಸಬಹುದು ಅಂದರು. ತಗ್ಗಿತು ಕೂಡ. ನೀನು ಮತ್ತೆ ತಾತನ ಮಂಚ ಹತ್ತಿ ಕೂತೆ. ಆ ಸಂಜೆ ತಾತನ ಮುಖ ನೀನು ನೋಡಿರಲಿಕ್ಕಿಲ್ಲ, ನಾನು ನೋಡಿದೆ.

ಆಮೇಲೆ ಮಾರ್ಫಿನ್, ಜೋರು ನೋವಿಗೆ ಕೊಡೋ ಅಫೀಮಿನ ಜಾತಿಯ ಔಷಧಿ. ಹೆಸರು ಕೇಳಿಯೇ ಅಜ್ಜಿ ಹೆದರಿದ್ದರು. ನೋವು ಬರೋವರೆಗೂ ಕಾಯಬೇಡಿ, ನಾಲ್ಕು ಗಂಟೆಗೊಮ್ಮೆ ಹೊತ್ತಿಗೆ ಸರಿಯಾಗಿ ಕೊಡಿ, ಮಲಬದ್ಧತೆ ಆಗುತ್ತೆ, ಅದರ ಔಷಧಿಯನ್ನೂ ಜೊತೆಗೇ ಕೊಡಿ ಅಂತ ಸಿಸ್ಟರ್ ಚೀಟಿಯಲ್ಲಿ ಬರೆದುಕೊಟ್ಟರು. ಓದು ಬಾರದ ಅಜ್ಜಿಗೆ ಅದೇ ಚೀಟಿಯಲ್ಲಿ ಸೂರ್ಯ, ಚಂದ್ರನ ಚಿತ್ರ ಬರೆದು ಹೊತ್ತು ತೋರಿಸಿದರು.

ಮಾತಾಡಲಾಗದ ತಾತ ಒಂದು ದಿನ ನಿನ್ನ ಸ್ಲೇಟಿನ ಮೇಲೆ ಬರೆದು ಕೇಳಿದರು: ಇನ್ನೆಷ್ಟು ದಿನ? ನಾನು ಸ್ಲೇಟು ಕಿತ್ತುಕೊಳ್ಳಲು ಹೋದೆ. ಸಿಸ್ಟರ್ ನನ್ನ ಕೈ ತಡೆದರು. "ನಿಮಗೇನು ಅನ್ನಿಸ್ತಿದೆ ಅಪ್ಪಾಜಿ?" ಅಂತ ಕೇಳಿ ಕಾದರು. ತಾತ ಬರೆದದ್ದು ಗೊಬ್ಬರದ ಅಂಗಡಿಯ ಬಾಕಿ. ಅದನ್ನು ಚುಕ್ತಾ ಮಾಡಬೇಕಿತ್ತಂತೆ. ಮಾರನೇ ದಿನ ನಿನ್ನ ಅಪ್ಪ ಹೋಗಿ ಕಟ್ಟಿ, ರಸೀದಿ ತಂದು ತೋರಿಸಿದರು. ಆ ನೋವಿಗೆ ಯಾವ ಮಾತ್ರೆ ಇತ್ತು ಹೇಳು?

ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ ತೆರೆದ ಸಿಸಿಲಿ ಸಾಂಡರ್ಸ್ ಬಗ್ಗೆ ನಿನ್ನ ಪಾಠದಲ್ಲಿ ಬಂದಿರಬಹುದು. ಡಾಕ್ಟರ್ ಆಗೋಕೆ ಮುಂಚೆ ಅವರೂ ನರ್ಸೇ. ಮೈ, ಮನಸ್ಸು, ಮನೆ, ನಂಬಿಕೆ ಎಲ್ಲದರ ನೋವನ್ನೂ ಸೇರಿಸಿ ನೋಡಬೇಕು ಅಂತ ಹೇಳಿಕೊಟ್ಟವರು. ನಮ್ಮ ಬೆಂಗಳೂರಿನ ಕರುಣಾಶ್ರಯದಲ್ಲೂ ಕ್ಯಾನ್ಸರಿನ ಕೊನೆ ಹಂತದವರನ್ನು ದುಡ್ಡು ತಗೊಳ್ಳದೆ ನೋಡಿಕೊಳ್ಳುತ್ತಾರೆ. ಸಾಧ್ಯವಾದರೆ ಒಮ್ಮೆ ಹೋಗಿ ಬಾ.

ಕೊನೆಯ ದಿನಗಳು ಹೇಗಿರುತ್ತವೆ ಅಂತ ಸಿಸ್ಟರ್ ಮೊದಲೇ ಹೇಳಿಟ್ಟಿದ್ದರು. ಉಸಿರಿನ ಜೊತೆ ಗೊರಗೊರ ಸದ್ದು ಬರುತ್ತೆ, ಕೇಳೋ ನಮಗೆ ಅದು ಹಿಂಸೆ, ಅವರಿಗೆ ಅಷ್ಟು ಗೊತ್ತಾಗಲ್ಲ, ಪಕ್ಕಕ್ಕೆ ಹೊರಳಿಸಿ. ಹಸಿವು ನಿಲ್ಲುತ್ತೆ, ಟ್ಯೂಬಿನಲ್ಲಿ ಬಲವಂತವಾಗಿ ಗಂಜಿ ತುಂಬಬೇಡಿ, ತುಟಿ ಒದ್ದೆ ಮಾಡಿ ಸಾಕು. ಮಾತಾಡಿಸ್ತಾ ಇರಿ, ಕೇಳಿಸಬಹುದು. ಹೇಳಿದ ಹಾಗೇ ಆಯಿತು. ನಾವು ಗಾಬರಿಯಾಗಿ ಆಂಬ್ಯುಲೆನ್ಸ್ ಕರೆಯಲಿಲ್ಲ. ತಾತ ಮನೆಯಲ್ಲೇ ಹೋದರು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಸಿಸ್ಟರ್ ಮತ್ತೆ ಬಂದರು. ಅವತ್ತು ಅವರು ಬಂದದ್ದು ಅಜ್ಜಿಗಾಗಿ. ನಿದ್ದೆ ಬರ್ತಿದೆಯಾ ಅಂತ ಕೇಳಿದರು. ಅಜ್ಜಿ ತುಂಬ ಹೊತ್ತು ಸುಮ್ಮನಿದ್ದು, "ಆ ರಾತ್ರಿ ಕೊನೇ ಮಾತ್ರೆ ಕೊಟ್ಟಿದ್ದು ನಾನೇ. ನಾನೇ ಸಾಯಿಸಿದೆನಾ?" ಅಂದರು. ನಮ್ಮ ಯಾರ ಹತ್ತಿರವೂ ಅವರು ಇದನ್ನು ಆಡಿರಲಿಲ್ಲ. ಸಿಸ್ಟರ್ ಆ ಚೀಟಿ ತರಿಸಿ, ಸೂರ್ಯ ಚಂದ್ರರ ಮೇಲೆ ಬೆರಳಿಟ್ಟು, ಕೊಟ್ಟ ಒಂದೊಂದು ಮಾತ್ರೆಯನ್ನೂ ಅಜ್ಜಿಯ ಜೊತೆ ಎಣಿಸಿದರು. "ಅಳತೆ ಸರಿಯಾಗಿದೆ ಅಮ್ಮಾ. ಹೋಗಿದ್ದು ಕಾಯಿಲೆಯಿಂದ. ನೀವು ಕೊಟ್ಟಿದ್ದಕ್ಕೇ ನೋವಿಲ್ಲದೆ ಹೋದರು." ಅಜ್ಜಿ ಆಗ ಅತ್ತರು. ಆ ರಾತ್ರಿ ಮಲಗಿದರು.

ನಿನ್ನ ವಾರ್ಡಿನಲ್ಲೂ ಕೊನೆಯ ಮಾತ್ರೆ ಕೊಟ್ಟ ಹೆಂಡತಿಯೋ ಮಗನೋ ಇರುತ್ತಾರೆ. ಅವರಾಗೇ ಬಂದು ಕೇಳೋದಿಲ್ಲ. ನೀನೇ ಹೋಗಿ ಕೇಳು ಪುಟ್ಟಿ.

ನಿನ್ನ ಅಮ್ಮ