ಅವಳು ಆಡಿದ ಮಾತೇ ಹೇಳಿಕೆಯಲ್ಲಿರಲಿ

ಮಾನ್ಯರೇ,

ಗಂಡನ ಮನೆಯ ಹಿಂಸೆ ತಾಳಲಾರದೆ ದೂರು ಕೊಡಲು ಬಂದ ಹೆಣ್ಣುಮಗಳು, ‘ಮಕ್ಕಳಾಗಿಲ್ಲಂತ ದಿನಾ ಬಂಜಿ ಬಂಜಿ ಅಂತಾರ್ರಿ, ಬನಶಂಕರಿ ತೇರಾದ ಮೂರನೇ ದಿನ ಉಣ್ಣೂ ತಾಟು ಕಸ್ಗೊಂಡ್ರು’ ಎನ್ನುತ್ತಾಳೆ. ಬರೆದುಕೊಳ್ಳುವವರು ‘ಕೌಟುಂಬಿಕ ಕಲಹದಿಂದ ಮಾನಸಿಕ ಕಿರುಕುಳ’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ವರ್ಷಗಟ್ಟಲೆ ಬಾಯಿ ಕಟ್ಟಿಕೊಂಡಿದ್ದವಳು ಗಟ್ಟಿಮನಸ್ಸು ಮಾಡಿ ಆಡಿದ ಮಾತು ಕಾಗದಕ್ಕೆ ಬರುವ ಹೊತ್ತಿಗೆ ಬೇರೆಯವರದಾಗಿರುತ್ತದೆ.

ಇದರ ಪೆಟ್ಟು ಬೀಳುವುದು ಕೋರ್ಟಿನಲ್ಲಿ. ಪಾಟೀಸವಾಲಿನಲ್ಲಿ ಎದುರು ವಕೀಲರು ಆ ಸಾಲು ಹಿಡಿದು ಕೇಳಿದರೆ, ತಾನಾಡದ ಶಬ್ದಕ್ಕೆ ಅವಳು ಏನು ಉತ್ತರ ಕೊಟ್ಟಾಳು? ಆಗ ತಾಟಿನ ವಿಷಯ ಎತ್ತಿದರೆ ‘ಮೊದಲೇ ಯಾಕೆ ಹೇಳಲಿಲ್ಲ’ ಎನ್ನುತ್ತಾರೆ. ಹೇಳಿದ್ದಳು, ಬರೆದಿರಲಿಲ್ಲ. ಮಗುವಿಲ್ಲ, ಗಂಡುಮಗುವಿಲ್ಲ ಎಂದು ಹಂಗಿಸುವುದನ್ನು 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 3ನೇ ಕಲಂ ಹಿಂಸೆ ಎಂದೇ ಹೆಸರಿಸಿದೆ. ‘ಬಂಜಿ’ ಎಂಬ ಶಬ್ದ ಹಾಗೆಯೇ ಕಾಗದದ ಮೇಲೆ ಇರಲೇಬೇಕು.

ಹೇಳಿಕೆ ಪಡೆಯುವಾಗ ಅತ್ತೆ ಕಡೆಯವರಷ್ಟೇ ಅಲ್ಲ, ತವರಿನವರೂ ಹೊರಗೆ ಕೂಡಬೇಕು. ಅಣ್ಣ ಪಕ್ಕದಲ್ಲಿದ್ದರೆ ಮೈಮೇಲಿನ ಗಾಯದ ಮಾತು ಹೊರಬರುವುದಿಲ್ಲ. ಮೊದಲ ಉತ್ತರ ಬಹುತೇಕ ‘ಏನಿಲ್ರಿ’ ಎಂದೇ ಇರುತ್ತದೆ. ಅಲ್ಲಿಗೇ ಪೆನ್ನು ಮುಚ್ಚದೆ ಕಾಯಬೇಕು, ಬೇಕಾದರೆ ಇನ್ನೊಂದು ದಿನ ಕರೆಯಬೇಕು. ತಾರೀಖಿಗಾಗಿ ಗದರಿಸಿದರೆ ಅವಳು ಬಾಯಿಗೆ ಬಂದದ್ದು ಹೇಳುತ್ತಾಳೆ, ಆ ತಪ್ಪು ತಾರೀಖೇ ಮುಂದೆ ಕೇಸು ಕೆಡಿಸುತ್ತದೆ. ಕಾರಹುಣ್ಣಿಮೆಯೋ ಜೋಳದ ರಾಶಿಯೋ, ಅವಳು ಕೊಟ್ಟ ಗುರುತನ್ನೇ ಬರೆದು, ಹಬ್ಬವಾದರೆ ಪಂಚಾಂಗ ನೋಡಿ ಪಕ್ಕದಲ್ಲಿ ತಾರೀಖು ಹಾಕಬೇಕು. ಕೊನೆಗೆ ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಿ, ಅವಳು ‘ಹಂಗಲ್ರಿ’ ಎಂದಲ್ಲಿ ತಿದ್ದಿ, ಆಮೇಲಷ್ಟೇ ಸಹಿ ಅಥವಾ ಹೆಬ್ಬೆಟ್ಟು. ಠಾಣೆಯಲ್ಲಿ ಬಾಯಿಮಾತಿನ ದೂರನ್ನು ಬರೆದು ಓದಿ ಹೇಳುವುದು, ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡುವುದು ಉಪಕಾರವಲ್ಲ; 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಅದನ್ನು ಹೇಳುತ್ತದೆ.

ಬಾಗಲಕೋಟೆ ಜಿಲ್ಲೆಯ ಠಾಣೆಗಳಲ್ಲಿ ದೂರು ಬರೆಯುವ ಸಿಬ್ಬಂದಿಯನ್ನೂ ಕೌಟುಂಬಿಕ ಹಿಂಸೆ ಕಾಯ್ದೆಯಡಿ ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ತಾಲ್ಲೂಕಿನ ಸಂರಕ್ಷಣಾಧಿಕಾರಿಗಳನ್ನೂ ಒಂದು ದಿನ ಒಟ್ಟಿಗೆ ಕೂಡಿಸಿ ಈ ರೂಢಿ ಕಲಿಸಬೇಕೆಂದು ಜಿಲ್ಲಾಡಳಿತಕ್ಕೆ ನಮ್ಮ ವಿನಂತಿ. ಅಕ್ಕ-ತಂಗಿಯರಿಗೆ ಹೇಳುವುದಿಷ್ಟು: ಸಹಾಯಕ್ಕೆ 181, ವಕೀಲರಿಗಾಗಿ 15100. ಆದಾಯ ಎಷ್ಟೇ ಇದ್ದರೂ ಹೆಣ್ಣುಮಕ್ಕಳಿಗೆ ಕಾನೂನು ನೆರವು ಉಚಿತ. ಓದಿ ಹೇಳದ ಕಾಗದಕ್ಕೆ ಸಹಿ ಹಾಕಬೇಡಿ.

— ಆಪ್ತ ಸಮಾಲೋಚಕಿಯರು, ಬಾಗಲಕೋಟೆ