ಉರ್ದುವಿನಲ್ಲಿ ಪ್ಲೀಸ್ ಎಲ್ಲಿರುತ್ತದೆ?

ಪ್ರೀತಿಯ ಪುಟ್ಟಿ,

ಲಖನೌಗೆ ಹೋದವಳು ಉರ್ದು ಕಲಿಯಲು ಶುರು ಮಾಡಿದ್ದೀಯಲ್ಲ, ಖುಷಿಯಾಯಿತು. 'ಪ್ಲೀಸ್‌ಗೆ ಉರ್ದುವಿನಲ್ಲಿ ಏನಂತಾರೆ ಅಪ್ಪಾ' ಅಂತ ಕೇಳಿದ್ದೆ. ನಿಘಂಟು ತೆಗೆದರೆ 'ಬರಾಹೆ ಕರಮ್' ಸಿಗುತ್ತದೆ, 'ಮೆಹರ್‌ಬಾನಿ ಕರ್‌ಕೆ' ಸಿಗುತ್ತದೆ. ತಪ್ಪೇನಲ್ಲ. ಆದರೆ 'ಬರಾಹೆ ಕರಮ್, ನೀರು ಕೊಡಿ' ಅಂತ ಮನೆ ಓನರ್ ಆಂಟಿಗೆ ಹೇಳಿ ನೋಡು, ನಕ್ಕುಬಿಡುತ್ತಾರೆ. ಅದು ಬೋರ್ಡಿನ ಮಾತು, ಅರ್ಜಿಯ ಮಾತು. ನಮ್ಮಲ್ಲೂ ಹಾಗೇ ಅಲ್ವಾ? 'ಪ್ರಯಾಣಿಕರೇ, ದಯವಿಟ್ಟು ಗಮನಿಸಿ' ಅನ್ನುವುದು ರೈಲ್ವೆ ಸ್ಟೇಷನ್ನಿನಲ್ಲಿ. ಊಟಕ್ಕೆ ಕೂತಾಗ 'ಜರಾ ಉಪ್ಪು ಕೊಡ್ರಿ' ಅಂತೇವೆ. ಆ 'ರಿ'ಯೊಳಗೇ ಪ್ಲೀಸ್ ಬಂದುಬಿಟ್ಟಿತು.

ಉರ್ದುವಿನಲ್ಲೂ ಅದು ಕ್ರಿಯಾಪದದ ಬಾಲದಲ್ಲಿದೆ. 'ದೇನಾ' ಅಂದರೆ ಕೊಡುವುದು. 'ತೂ' ಅನ್ನುವ ಸಲುಗೆ ಇದ್ದರೆ 'ದೇ'. 'ತುಮ್' ಅನ್ನುವವರಿಗೆ 'ದೋ'. 'ಆಪ್' ಅನ್ನುವವರಿಗೆ 'ದೀಜಿಯೇ'. ಇನ್ನೂ ಮೆತ್ತಗೆ ಬೇಕಾ? 'ದೀಜಿಯೇಗಾ'. ಹೆಚ್ಚಿನ ಕ್ರಿಯಾಪದಗಳಿಗೆ ಸುಮ್ನೆ 'ಇಯೇ' ಸೇರಿಸಿದರೆ ಆಯಿತು: ಬೈಠಿಯೇ (ಕೂತುಕೊಳ್ಳಿ), ಸುನಿಯೇ (ಕೇಳಿ), ಆಯಿಯೇ (ಬನ್ನಿ). ಹಟ ಮಾಡುವವು ದೀಜಿಯೇ, ಲೀಜಿಯೇ (ತಗೊಳ್ಳಿ), ಕೀಜಿಯೇ (ಮಾಡಿ), ಪೀಜಿಯೇ (ಕುಡಿಯಿರಿ). ಇವನ್ನು ಬಾಯಿಪಾಠ ಮಾಡಿಬಿಡು. 'ಕೀಜಿಯೇ' ಬದಲು 'ಕರಿಯೇ' ಅಂದರೂ ಅರ್ಥವಾಗುತ್ತದೆ, ಆದರೆ ಲಖನೌದ ಹಿರಿಯರ ಕಿವಿಗೆ ಒರಟು.

'ಜರಾ' ನಮ್ಮ ಕಲಬುರಗಿಯವರಿಗೆ ಹೊಸದಲ್ಲ. ಉಚ್ಚಾರಣೆ ಮಾತ್ರ ಬೇರೆ. 'ಜರಾ ದೀಜಿಯೇ' ಅನ್ನುವಾಗ ನಾವು ಎರಡೂ ಕಡೆ ಒಂದೇ 'ಜ' ಹೇಳಿ ಮುಗಿಸುತ್ತೇವೆ. ಅವರಿಗೆ ಅವು ಬೇರೆ ಬೇರೆ. 'ದೀಜಿಯೇ'ಯಲ್ಲಿರುವುದು ನಮ್ಮ ಜಾತ್ರೆಯ 'ಜ'. 'ಜರಾ'ದಲ್ಲಿರುವುದು ಪ್ರಾಣಿ ನೋಡಲು ಹೋಗುವ 'ಝೂ'ನಲ್ಲಿ ಹಲ್ಲಿನ ಹತ್ತಿರ ಗುಂಯ್‌ಗುಡುವ ಸದ್ದು. ಆ ಒಂದು ಸದ್ದಿಗೆ ಉರ್ದು ಲಿಪಿಯಲ್ಲಿ 4 ಅಕ್ಷರಗಳಿವೆ. ಬರೆಯಲು ಕಲಿಯುವಾಗ ತಲೆ ಕೆಡುತ್ತದೆ, ಈಗಲೇ ಹೇಳಿರುತ್ತೇನೆ.

ನನಗೆ ತುಂಬಾ ಇಷ್ಟವಾದದ್ದು 'ಪಾನೀ ಮಿಲ್ ಜಾಯೇಗಾ?' ನೀರು ಸಿಗುತ್ತಾ, ಅಷ್ಟೇ. ಯಾರಿಗೂ 'ಕೊಡಿ' ಅಂದಿಲ್ಲ, ಆದರೂ ನೀರು ಬರುತ್ತದೆ.

'ತಶ್ರೀಫ್ ರಖಿಯೇ' ಅಂದರೆ ದಯಮಾಡಿ ಕೂತುಕೊಳ್ಳಿ. 'ಫರ್ಮಾಯಿಯೇ' ಅಂದರೆ ಹೇಳೋಣವಾಗಲಿ. ಇವೆರಡೂ ಎದುರಿನವರಿಗೆ ಮಾತ್ರ. 'ನಾನು ತಶ್ರೀಫ್ ತಂದಿದ್ದೇನೆ' ಅಂತ ನಿನ್ನ ಬಗ್ಗೆಯೇ ಹೇಳಿಕೊಂಡೀಯ, ಜೋಕೆ!

ನಡುವೆ ಇಲ್ಲಿನ ಬಜಾರಿನ 'ನಕ್ಕೋ' (ಬೇಡ), 'ಹೌ' (ಹೌದು) ಬಾಯಿಗೆ ಬಂದರೆ ಬರಲಿ, ನಾಚಬೇಡ. 1600ರ ಹೊತ್ತಿಗೇ ಬಿಜಾಪುರ, ಗೋಲ್ಕೊಂಡಗಳಲ್ಲಿ ದಖನಿಯಲ್ಲಿ, ಅಂದರೆ ಈ ನಮ್ಮ ಕಡೆಯ ಉರ್ದುವಿನಲ್ಲಿ, ಕಾವ್ಯ ಬರೆಯುತ್ತಿದ್ದರು. ಯಾರಾದರೂ ನಕ್ಕರೆ ಇದನ್ನು ಹೇಳು.

ಹಾಂ, 'ಪ್ಲೀಸ್ ಯಾರ್' ಅಂತ ಅಲ್ಲಿನ ಹುಡುಗರೂ ಹೇಳುತ್ತಾರೆ, ಗೆಳತಿಯರ ಜೊತೆ ಅದೇ ನಡೆಯುತ್ತದೆ. ಆಟೋದವರಿಗೆ 'ಭಾಯಿ, ಜರಾ ಯಹಾಂ ರೋಕ್ ದೀಜಿಯೇಗಾ' ಅನ್ನು, ಅಂದರೆ 'ಅಣ್ಣಾ, ಸ್ವಲ್ಪ ಇಲ್ಲಿ ನಿಲ್ಲಿಸಿ'. ಬಾಡಿಗೆ ಜಾಸ್ತಿ ಕೇಳಿದರೆ ಏನನ್ನಬೇಕು ಅನ್ನುವುದನ್ನು ನಿನ್ನ ಅಮ್ಮನ ಹತ್ತಿರ ಕೇಳಿಕೋ. ಆ ಉರ್ದು ಅವಳಿಗೇ ಚೆನ್ನಾಗಿ ಬರುತ್ತದೆ.

ನಿನ್ನ ಅಪ್ಪ